ಮೀನಿನ ಕೋಣೆಗೆ ಬೀಗ ಬಿದ್ದ ವರ್ಷ

ಕಳೆದ ತಿಂಗಳು ಬೆಳ್ಳಾರೆಯಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಕಾಲಬುಡದಲ್ಲಿಟ್ಟ ಪ್ಲಾಸ್ಟಿಕ್ ಚೀಲದಿಂದ ಮಂಜುಗಡ್ಡೆಯ ನೀರು ಇಳಿದು ನನ್ನ ಚಪ್ಪಲಿಯ ಅಡಿಗೆ ಬಂತು. ಬಂಗುಡೆಯ ವಾಸನೆ. ಕಂಡಕ್ಟರು ಮೂಗಿಗೆ ಕೈ ಹಿಡಿದು, ಮೀನಿಗೆ ಬೇರೆ ಟಿಕೇಟು ಆಗ್ತದೆ ಅಕ್ಕ ಎಂದ. "ಸತ್ತವರಿಗೆ ಯಾರಾದ್ರೂ ಟಿಕೇಟು ತೆಗೀತಾರಾ ಮಾರಾಯ" ಎಂದು ಆಕೆ ಚೀಲವನ್ನು ಇನ್ನಷ್ಟು ಒಳಗೆ ತಳ್ಳಿದರು. ಎಲ್ಲಿಗೆ ಹೋಗುವುದು ಎಂದು ಕೇಳಿದೆ. ದಾರಿಯ ನಡುವಿನ ಒಂದು ಊರಿನ ಹೆಸರು ಹೇಳಿದರು. ಅಲ್ಲಿನ ಪಂಚಾಯತಿನಲ್ಲಿ ನಾನು ಕೆಲಸ ಮಾಡಿದ್ದೆ. ಅಷ್ಟು ದೂರದಿಂದ ಮೀನು ಹೊರುವುದು ಯಾಕೆ, ನಿಮ್ಮ ಪೇಟೆಯಲ್ಲೇ ಮೀನಿನ ಕೋಣೆ ಇತ್ತಲ್ಲ ಎಂದೆ.

"ಕೋಣೆ ಉಂಟು, ಬೀಗ ಉಂಟು, ಮೀನು ಮಾತ್ರ ಇಲ್ಲ. ಯಾರೋ ಕಲಿತವಳು ಒಬ್ಬಳು ಬಂದು ಅದನ್ನು ಹಾಳು ಮಾಡಿ ಹೋದದ್ದಂತೆ. ನಾನು ಮದುವೆಯಾಗಿ ಬರುವ ಮೊದಲಿನ ಕತೆ."

ಆ ಕಲಿತವಳು ನಾನು. ಅವರ ಸ್ಟಾಪು ಬಂತು, ಇಳಿದು ಹೋದರು.

ನಾನು ಬಿ.ಕಾಂ. ಮಾಡಿದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ನಡೆದದ್ದರಲ್ಲಿ ಈ ಬಿ.ಕಾಂ.ಗೆ ದೊಡ್ಡ ಪಾಲಿದೆ. ಅಪ್ಪ ಕೆಂಪುಕಲ್ಲಿನ ಕೋರೆಯಲ್ಲಿ ಲಾರಿಗೆ ಕಲ್ಲು ತುಂಬುತ್ತಿದ್ದರು. ಅಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೆಯ ತರಗತಿ ದಾಟಿದವರಿಲ್ಲ. ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ಮೂರು ವರ್ಷ ಪುತ್ತೂರಿಗೆ ಹೋಗಿ ಬಂದೆ. ಬಸ್ಸಿನಲ್ಲಿ ನಿಂತುಕೊಂಡೇ ಕಾಸ್ಟ್ ಅಕೌಂಟಿಂಗ್ ಓದಿದೆ. ಪದವಿ ಪತ್ರ ಬಂದ ದಿನ ಅಪ್ಪ ಕಲ್ಲಿನ ಧೂಳು ತೊಳೆದು ಬಂದು, ಎರಡೂ ಕೈಯಲ್ಲಿ ಅದನ್ನು ಹಿಡಿದು, ಓದಲು ಬಾರದಿದ್ದರೂ ತುಂಬ ಹೊತ್ತು ನೋಡಿದರು. ಆ ಹೆಮ್ಮೆ ನನಗೆ ಆಗಲೂ ಇತ್ತು, ಈಗಲೂ ಇದೆ. ಅದನ್ನು ಅಡಗಿಸಿಕೊಂಡು ಸಣ್ಣವಳಾಗುವ ಆಸೆ ನನಗಿಲ್ಲ. ಆದರೆ ಹೆಮ್ಮೆಯಿಂದ ಮಾಡಿದ್ದೆಲ್ಲ ಸರಿಯಾಗಿರಬೇಕೆಂದೇನೂ ಇಲ್ಲ.

ಪಕ್ಕದ ಗ್ರಾಮದ ಪಂಚಾಯತಿನಲ್ಲಿ ಬಿಲ್ ಕಲೆಕ್ಟರ್ ಕೆಲಸ ಸಿಕ್ಕಿತು. ಮನೆ ತೆರಿಗೆ, ನೀರಿನ ಬಿಲ್ಲು ವಸೂಲಿ ಮಾಡುವುದು, ರಶೀದಿ ಹರಿಯುವುದು, ಹೊತ್ತು ಸಿಕ್ಕಿದಾಗ ಪಿಡಿಒ ಸಾರ್ ಹೇಳಿದ ಕಾಗದ ಟೈಪು ಮಾಡುವುದು. ಪಂಚಾಯತಿಗೆ ಮೇಲಿನಿಂದ ಬರುವ ಹಣ ಕಡಿಮೆಯೇನಲ್ಲ ಎಂದು ಅಲ್ಲಿ ಕೂತ ಮೇಲೆ ಗೊತ್ತಾಯಿತು. ಆದರೆ ಅದಕ್ಕೆಲ್ಲ ಮೊದಲೇ ಹೆಸರು ಬರೆದಿರುತ್ತದೆ. ಇದು ಚರಂಡಿಗೆ, ಇದು ಶಾಲೆಯ ಶೌಚಾಲಯಕ್ಕೆ, ಇದು ಮಳೆಗಾಲದಲ್ಲಿ ಉಕ್ಕುವ ತೋಡಿನ ಬದಿ ಕಟ್ಟುವುದಕ್ಕೆ. ಸುಟ್ಟುಹೋದ ಬೀದಿದೀಪ ಬದಲಿಸಲು, ಪಂಪಿನ ಸ್ಟಾರ್ಟರ್ ರಿಪೇರಿ ಮಾಡಿಸಲು, ನೀರು ಬಿಡುವ ಲಿಂಗಪ್ಪಣ್ಣನಿಗೆ ಸಂಬಳ ಕೊಡಲು ಅದರಿಂದ ಒಂದು ರೂಪಾಯಿ ತೆಗೆಯುವ ಹಾಗಿಲ್ಲ. ಅದಕ್ಕೆ ಬೇಕಾದದ್ದು ಸ್ವಂತ ನಿಧಿ. ನಮ್ಮ ಸ್ವಂತ ನಿಧಿ ಎಂದರೆ ಜನರು ಗೊಣಗುತ್ತ ಕಟ್ಟುವ ತೆರಿಗೆ, ನಾಲ್ಕು ಅಂಗಡಿ ಕೋಣೆಗಳ ಬಾಡಿಗೆ, ಮತ್ತೆ ವರ್ಷಕ್ಕೊಮ್ಮೆ ಹಸಿಮೀನು ಮಾರುವ ಹಕ್ಕಿನ ಏಲಂ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮ್ಮ ಕಡೆ ಪಂಚಾಯತಿನ ಗಡಿಯೊಳಗೆ ಯಾರು ಬೇಕಾದರೂ ಹಸಿಮೀನು ಮಾರುವಂತಿಲ್ಲ. ಪಂಚಾಯತು ಒಂದು ಕೋಣೆ ಕಟ್ಟಿಸಿ, ಮಾರ್ಚಿನಲ್ಲಿ ಏಲಂ ಕರೆಯುತ್ತದೆ. ಹೆಚ್ಚು ಕೂಗಿದವನಿಗೆ ಎಪ್ರಿಲಿನಿಂದ ಒಂದು ವರ್ಷ ಆ ಕೋಣೆ, ಆ ಊರಿನ ಮೀನು.

ಹತ್ತೊಂಬತ್ತು ವರ್ಷದಿಂದ ಆ ಕೋಣೆ ಮೊಯ್ದು ಕಾಕನ ಕೈಯಲ್ಲಿತ್ತು. ಅರವತ್ತು ದಾಟಿದ ಮನುಷ್ಯ. ನಸುಕಿಗೆ ಗೂಡ್ಸ್ ರಿಕ್ಷಾದಲ್ಲಿ ಪುತ್ತೂರಿಗೆ ಹೋಗಿ, ಎಂಟು ಗಂಟೆಗೆ ಎರಡು ಪೆಟ್ಟಿಗೆ ಮೀನು ತಂದು, ಹನ್ನೊಂದಕ್ಕೆ ಮುಗಿಸಿ, ಕೋಣೆ ತೊಳೆದು ಮನೆಗೆ ಹೋಗುತ್ತಿದ್ದರು. ಅವರಲ್ಲಿ ತಕ್ಕಡಿ ಇತ್ತು, ಆದರೆ ದೊಡ್ಡ ಮೀನಿಗೆ ಮಾತ್ರ. ಬೂತಾಯಿಯಂಥ ಸಣ್ಣ ಮೀನನ್ನು ಅವರು ಬಾಳೆಲೆಯ ಮೇಲೆ ಪಾಲು ಹಾಕಿ ಇಡುತ್ತಿದ್ದರು. ಇಪ್ಪತ್ತು ರೂಪಾಯಿಯ ಪಾಲು, ಮೂವತ್ತರ ಪಾಲು. ಮೀನಿನ ರೇಟು ಏರಿದರೆ ಪಾಲಿನಲ್ಲಿ ಮೀನು ನಾಲ್ಕು ಕಡಿಮೆಯಾಗುತ್ತಿತ್ತು, ಇಪ್ಪತ್ತು ಇಪ್ಪತ್ತೇ ಇರುತ್ತಿತ್ತು. ಕೈಯಲ್ಲಿ ಇಪ್ಪತ್ತು ಮಾತ್ರ ಇರುವವಳು ನಾಚಿಕೆಯಿಲ್ಲದೆ ಬಂದು ಒಂದು ಪಾಲು ಎತ್ತಬಹುದಿತ್ತು. ಬೀಡಿ ಕಟ್ಟುವವರು ಶನಿವಾರ ಮಜೂರಿ ಸಿಕ್ಕಿದ ಮೇಲೆ ಕೊಡುತ್ತಿದ್ದರು. ನನ್ನ ಅಮ್ಮನೂ ತೋಡು ದಾಟಿ ಅಲ್ಲಿಗೇ ಹೋಗುತ್ತಿದ್ದರು. ನಾನು ಕಾಲೇಜಿಗೆ ಬುತ್ತಿಯಲ್ಲಿ ಕಟ್ಟಿಕೊಂಡು ಹೋದದ್ದು ಆ ಪಾಲಿನ ಮೀನನ್ನೇ.

ಇದೆಲ್ಲ ಗೊತ್ತಿದ್ದೂ, ಏಲಂನ ಹಳೆಯ ಫೈಲು ತೆರೆದ ದಿನ ನನಗೆ ಸಿಟ್ಟು ಬಂತು. ಹತ್ತೊಂಬತ್ತು ವರ್ಷವೂ ಒಬ್ಬರೇ. ವರ್ಷಕ್ಕೆ ಸಾವಿರವೋ ಎರಡು ಸಾವಿರವೋ ಏರಿಕೆ. ಎರಡನೆಯವರಾಗಿ ಕೂಗಿದವರ ಹೆಸರೂ ಹೆಚ್ಚು ಕಡಿಮೆ ಪ್ರತಿ ವರ್ಷ ಅದೇ, ಕಾಕನ ನೆರೆಯವರದ್ದು. ವಿಷಯ ಸರಳ. ಏಲಂಗೆ ಮೊದಲು ಎಲ್ಲರೂ ಹಲಸಿನ ಮರದ ಬುಡದಲ್ಲಿ ಕೂತು ಮಾತಾಡಿಕೊಂಡು ಬರುವುದು, ಒಳಗೆ ಬಂದು ಕೂಗುವ ಹಾಗೆ ಮಾಡುವುದು. ಸದಸ್ಯರಿಗೂ ಗೊತ್ತು. ಕಳೆದ ಸಾಲಿನ ಮೊತ್ತ ನಲ್ವತ್ತಾರು ಸಾವಿರ. ಪಕ್ಕದ ಪಂಚಾಯತುಗಳಲ್ಲಿ ಲಕ್ಷ ದಾಟಿತ್ತು. ಇದು ಸಾರ್ವಜನಿಕರ ಹಣಕ್ಕೆ ಮೋಸವಲ್ಲವೇ ಎಂದು ಪಿಡಿಒ ಸಾರ್ ಹತ್ತಿರ ಕೇಳಿದೆ. ಅವರು ಫೈಲನ್ನು ನನ್ನ ಕಡೆಗೇ ತಳ್ಳಿದರು. ಹಾಗಾದರೆ ಈ ಸಲ ಷರತ್ತು ನೀನೇ ಬರಿ ಅಂದರು.

ಬರೆದೆ. ಅಂಥ ಅಚ್ಚುಕಟ್ಟಾದ ಷರತ್ತುಗಳನ್ನು ಆ ಕಚೇರಿ ಕಂಡಿರಲಿಕ್ಕಿಲ್ಲ. ಹದಿನೇಳು. ಅದರಲ್ಲಿ ಒಂಬತ್ತನೆಯದನ್ನು ನಾನು ಈಗಲೂ ನೋಡದೆ ಹೇಳಬಲ್ಲೆ: ಹಿಂದಿನ ಸಾಲಿನ ಏಲಂ ಮೊತ್ತಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದ ಮೊತ್ತವೇ ಮುಂದಿನ ಸಾಲಿನ ಕನಿಷ್ಠ ಸವಾಲು, ನಡುವೆ ಮರು ಏಲಂ ಆದರೆ ಆ ಸಾಲಿನ ಮೊತ್ತವೇ ಕನಿಷ್ಠ, ಅದಕ್ಕಿಂತ ಕಡಿಮೆ ಕೂಗಿದ ಸವಾಲನ್ನು ಯಾವ ಕಾರಣಕ್ಕೂ ಪರಿಗಣಿಸತಕ್ಕದ್ದಲ್ಲ. ಒಳಒಪ್ಪಂದ ಮಾಡಿಕೊಂಡು ಮೊತ್ತ ಇಳಿಸುವವರ ಬಾಯಿ ಮುಚ್ಚಿಸಲು ಬರೆದದ್ದು. 'ಯಾವ ಕಾರಣಕ್ಕೂ' ಎಂಬುದನ್ನು ದಪ್ಪ ಅಕ್ಷರ ಮಾಡಿದೆ. ಸಾಮಾನ್ಯ ಸಭೆಯಲ್ಲಿ ಓದಿ ನಿರ್ಣಯ ಮಾಡಿದರು. ಯಾರೂ ವಿರೋಧಿಸಲಿಲ್ಲ. ವಿರೋಧಿಸಿದರೆ ಕಾಕನಿಂದ ಎಂತ ಸಿಕ್ಕಿತು ಎಂದು ಕೇಳುತ್ತಾರೆಂಬ ಹೆದರಿಕೆ ಅವರಿಗೆ. ಮತ್ತೆ ಏಲಂ ನೋಟೀಸನ್ನು ಪಂಚಾಯತಿನ ಬಾಗಿಲಿಗೆ ಅಂಟಿಸಿದ್ದಷ್ಟೇ ಅಲ್ಲದೆ, ಬೆಳ್ಳಾರೆ, ಕಡಬ, ಪುತ್ತೂರಿನ ಮೀನಿನ ವ್ಯಾಪಾರಿಗಳಿದ್ದ ವಾಟ್ಸಾಪ್ ಗ್ರೂಪುಗಳಿಗೆಲ್ಲ ನಾನೇ ಹಾಕಿಸಿದೆ.

ಏಲಂನ ಹಿಂದಿನ ದಿನ ಕಾಕ ಕಚೇರಿಗೆ ಬಂದರು. ನೋಟೀಸಿನ ಎದುರು ನಿಂತು, ಕನ್ನಡಕ ಇಲ್ಲ, ಎಂತ ಬರೆದದ್ದು ಓದು ಮಗಳೇ ಎಂದರು. ಓದಿದೆ. ಹದಿನೇಳೂ ಕೇಳಿ, ಇದರಲ್ಲಿ ಮೀನಿನ ವಿಷಯ ಎಲ್ಲಿ ಉಂಟು ಎಂದು ಕೇಳಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಇನ್ನು ಎಲ್ಲ ಪಾರದರ್ಶಕ ಕಾಕ, ಎಲ್ಲರಿಗೂ ಅವಕಾಶ ಇರಬೇಕಲ್ಲ ಎಂದೆ. ಇರ್ಬೇಕು ಇರ್ಬೇಕು ಎಂದು ತಲೆಯಾಡಿಸಿ ಹೋದರು.

ಮರುದಿನ ಅಂಗಳ ತುಂಬ ಜನ. ಮಾರ್ಚಿನ ಬಿಸಿಲು, ಶಾಮಿಯಾನದ ಅಡಿಯಲ್ಲಿ ಬೆವರಿನ ವಾಸನೆ. ಕುರ್ಚಿ ಸಾಲದೆ ಅಂಗನವಾಡಿಯಿಂದ ತಂದರು. ಹೊರಗಿನಿಂದ ಬಂದವರಲ್ಲಿ ಪುತ್ತೂರು ಕಡೆಯ ಒಬ್ಬ ಸಗಟು ವ್ಯಾಪಾರಿ ಇದ್ದ. ನಮ್ಮ ಪೇಟೆಯಲ್ಲೇ ಕೋಳಿ ಅಂಗಡಿ ಇಟ್ಟಿದ್ದ ಜೋಯಿಯೂ ಬಂದಿದ್ದ. ಜೋಯಿಯ ಅಜ್ಜನ ಕಾಲದಲ್ಲಿ ಅವರು ಕೇರಳದಿಂದ ಬಂದು ರಬ್ಬರು ಹಾಕಿದವರು. ಅವನು ಮಾತ್ರ ತೋಟ ಅಣ್ಣನಿಗೆ ಬಿಟ್ಟು ಅಂಗಡಿಗೆ ಇಳಿದಿದ್ದ. ಒಳ್ಳೆಯ ಮನುಷ್ಯ, ಮೂಗಿನ ತುದಿಯಲ್ಲಿ ಕೋಪ. ಅವನಿಗೂ ಆ ಸಗಟು ವ್ಯಾಪಾರಿಗೂ ಹಿಂದಿನ ವರ್ಷ ಪಿಕಪ್ಪಿಗೆ ಪಿಕಪ್ಪು ತಾಗಿ, ಪೇಟೆಯ ನಡುವೆಯೇ ಕೈ ಕೈ ಮಿಲಾಯಿಸುವಷ್ಟು ಜಗಳ ಆಗಿತ್ತು.

ಕನಿಷ್ಠ ಐವತ್ತು ಸಾವಿರದ ಆರುನೂರು ಎಂದು ನಾನು ಓದಿದೆ. ಕಾಕ ಐವತ್ತೊಂದು ಎಂದರು. ಹೊರಗಿನವರು ಏರಿಸಿದರು. ಅರವತ್ತಕ್ಕೆ ಕಾಕ ಎದ್ದು ನಿಂತು ಬೆವರು ಒರೆಸಿದ ಬೈರಾಸು ಹೆಗಲಿಗೆ ಹಾಕಿಕೊಂಡರು. ಕಾಕ, ಇನ್ನೊಂದು ಸಲ ಕೂಗಿ ನೋಡಿ ಎಂದು ನಾನೇ ಹೇಳಿದೆ.

"ಇಲ್ಲ ಮಗಳೇ. ಇದರ ಮೇಲೆ ಹೋದ್ರೆ ನಾನು ಪಾಲಿನಲ್ಲಿ ಕದಿಯಬೇಕಾಗ್ತದೆ. ಈ ವಯಸ್ಸಿನಲ್ಲಿ ಹೊಸತು ಕಲಿಯುದು ಕಷ್ಟ."

ಜನ ನಕ್ಕರು. ಅವರು ಹಿಂದೆ ಹೋಗಿ ಬೇಲಿಗೆ ಒರಗಿ ನಿಂತರು. ಎಂಬತ್ತು ಸಾವಿರ ದಾಟುವಾಗ ಉಳಿದದ್ದು ಇಬ್ಬರೇ, ಜೋಯಿ ಮತ್ತು ಸಗಟು ವ್ಯಾಪಾರಿ. ಲಕ್ಷದ ಮೇಲೆ ಅದು ಮೀನಿನ ಏಲಂ ಆಗಿ ಉಳಿಯಲಿಲ್ಲ. ಹೊರಗಿನವನಿಗೆ ಬಿಟ್ಟುಕೊಡ್ತೀಯಾ ಜೋಯಿ, ಊರಿನ ಮರ್ಯಾದೆ ಎಂದು ಹಿಂದಿನಿಂದ ಹುರಿದುಂಬಿಸುವವರು. ಇವನ ಕೋಳಿಗೆ ಜ್ವರ ಬಂದಿದೆ, ಅದಕ್ಕೆ ಮೀನು ಬೇಕಾಗಿದೆ ಎಂದು ಆ ಕಡೆಯಿಂದ ಗೇಲಿ. ಒಬ್ಬ ಐದು ಏರಿಸಿದರೆ ಇನ್ನೊಬ್ಬ ಹತ್ತು. ನಾನು 'ಒಂದನೇ ಸಲ, ಎರಡನೇ ಸಲ' ಎಂದು ಕೂಗುತ್ತಿದ್ದೆ, ನನ್ನ ಸ್ವರವೇ ನನಗೆ ಖುಷಿ ಕೊಡುತ್ತಿತ್ತು. ಎರಡು ಲಕ್ಷದ ಹದಿನೈದು ಸಾವಿರಕ್ಕೆ ಜೋಯಿಯ ಕೈಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಸಗಟು ವ್ಯಾಪಾರಿ ಹೋಗುವಾಗ ನಗುತ್ತ ಹೋದ. ಆ ನಗುವಿನ ಅರ್ಥ ನನಗೆ ಆ ದಿನ ಆಗಲಿಲ್ಲ.

ಮೊತ್ತ ನಾಲ್ಕು ಪಟ್ಟಿಗಿಂತ ಹೆಚ್ಚು. ಅಧ್ಯಕ್ಷೆ ನನಗೆ ಸಭೆಯಲ್ಲಿ ಹೂಗುಚ್ಛ ಕೊಟ್ಟರು. ಬೇರೆ ಪಂಚಾಯತಿನವರು ಫೋನು ಮಾಡಿ ನನ್ನ ಹದಿನೇಳು ಷರತ್ತುಗಳನ್ನು ಕೇಳಿ ತರಿಸಿಕೊಂಡರು. ಆ ಮೀನಿನ ಹಣ ನಂಬಿ ಲಿಂಗಪ್ಪಣ್ಣನ ಸಂಬಳ ಏರಿಸಿದರು, ಮೇಲಿನ ಕಾಲನಿಯ ಪಂಪಿಗೆ ಇನ್ನೊಬ್ಬ ಆಳನ್ನು ಇಟ್ಟರು, ಮುಖ್ಯ ರಸ್ತೆಗೆ ಹೊಸ ದೀಪಗಳಿಗೆ ಆರ್ಡರು ಕೊಟ್ಟರು. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಸಂತೋಷಪಟ್ಟರು. ಅಮ್ಮ ಬೀಡಿ ಸುತ್ತುವುದನ್ನು ನಿಲ್ಲಿಸದೆ, ಹಾಗಾದರೆ ನಾಡಿದ್ದಿನಿಂದ ಮೀನು ಯಾರು ಕೊಡುವುದು ಎಂದಷ್ಟೇ ಕೇಳಿದರು.

ಜೋಯಿ ಕೋಣೆಗೆ ಬಿಳಿ ಟೈಲ್ಸ್ ಹಾಕಿಸಿದ. ಡಿಜಿಟಲ್ ತಕ್ಕಡಿ ತಂದ, ಫೋನಿನಲ್ಲಿ ಹಣ ಕಳಿಸಲು ಬೋರ್ಡು ಇಟ್ಟ. ನೋಡಲು ದೊಡ್ಡ ಪೇಟೆಯ ಅಂಗಡಿಯ ಹಾಗೇ ಇತ್ತು, ನನಗೆ ಹೆಮ್ಮೆಯೇ ಆಯಿತು. ಆದರೆ ಕೋಣೆಗೆ ಕೊಟ್ಟ ಹಣ ಮೀನಿನ ಮೇಲೆಯೇ ಬರಬೇಕಲ್ಲ. ಪುತ್ತೂರಿಗಿಂತ ಕಿಲೋಗೆ ಐವತ್ತು, ಅರವತ್ತು ಹೆಚ್ಚು. ಪಾಲು ಇಲ್ಲ, ಕಿಲೋ ಮಾತ್ರ, ಕಾಲು ಕಿಲೋಗಿಂತ ಕಡಿಮೆ ಇಲ್ಲ. ಶನಿವಾರ ಕೊಡ್ತೇನೆ ಎಂದವರಿಗೆ ಶನಿವಾರ ಬನ್ನಿ. ಮೊದಮೊದಲು ಜನ ಬಂದರು. ನಿಧಾನಕ್ಕೆ ಸೇತುವೆಯ ಆಚೆ ಬೇರೆ ಪಂಚಾಯತಿನ ಕೋಣೆಗೆ ನಡೆಯತೊಡಗಿದರು. ಸೇತುವೆಯವರೆಗೆ ಎರಡು ಕಿಲೋಮೀಟರು. ಮೇ ತಿಂಗಳ ಬಿಸಿಲಿನಲ್ಲಿ ಅಮ್ಮನೂ ನಡೆದರು. ನಾನು ತಡೆದೆ, ಕಾಲು ಕಿಲೋಗೆ ಹಣ ನಾನು ಕೊಡ್ತೇನೆ ಎಂದೆ. ಅಮ್ಮ ಕೇಳಲಿಲ್ಲ.

"ನಿನ್ನ ಹಣ ನನಗೆ ಬೇಡ ಅಂತಲ್ಲ. ಅವನ ತಕ್ಕಡಿಯ ಎದುರು ನಿಂತ್ರೆ ನನಗೆ ನಾಚಿಕೆ ಆಗ್ತದೆ. ಅದರಲ್ಲಿ ಕೆಂಪು ಅಕ್ಷರದಲ್ಲಿ ನನ್ನ ಬಡತನ ಬರ್ತದೆ, ಎಲ್ಲರಿಗೂ ಕಾಣುವ ಹಾಗೆ."

ಜೂನಿನಲ್ಲಿ ಕಡಲಿನಲ್ಲಿ ದೊಡ್ಡ ಬೋಟುಗಳಿಗೆ ರಜೆ. ಎರಡು ತಿಂಗಳು ಮೀನು ಇಲ್ಲ, ಇದ್ದರೆ ರೇಟು ಮುಟ್ಟುವ ಹಾಗಿಲ್ಲ. ಈ ಎರಡು ತಿಂಗಳನ್ನು ಕಾಕ ಹತ್ತೊಂಬತ್ತು ವರ್ಷ ಒಣಮೀನು ಇಟ್ಟು, ತೋಡಿನ ಮೀನು ಹಿಡಿದವರಿಂದ ತಂದು, ಹೇಗೋ ದಾಟಿಸುತ್ತಿದ್ದರು. ಜೋಯಿ ದಾಟಲಿಲ್ಲ. ಮಳೆ ಹೊಡೆಯುತ್ತಿದ್ದ ಒಂದು ದಿನ ಕಚೇರಿಗೆ ಬಂದು, ಕೊಡೆಯ ನೀರು ಕೊಡಹದೆ ಒಳಗೇ ತಂದು, ಕೀಲಿಕೈ ನನ್ನ ಮೇಜಿನ ಮೇಲಿಟ್ಟ. ಕಟ್ಟಿದ್ದು ಮೊದಲ ಕಂತು ಮಾತ್ರ, ಎಪ್ಪತ್ತೆರಡು ಸಾವಿರ. ಅದು ಹೋಗಲಿ, ಇನ್ನು ನನ್ನಿಂದ ಆಗುದಿಲ್ಲ ಎಂದ. ಉಳಿದದ್ದು ಕಟ್ಟಲೇಬೇಕಾಗುತ್ತದೆ, ಷರತ್ತಿನಲ್ಲಿದೆ ಎಂದೆ.

"ಕೇಸು ಹಾಕಿ ಮೇಡಂ. ನಾನು ಮೀನು ನೋಡಿ ಕೂಗಿದ್ದಲ್ಲ, ಅವನ ಮೋರೆ ನೋಡಿ ಕೂಗಿದ್ದು. ನಿಮ್ಮ ಷರತ್ತಿನಲ್ಲಿ ಅದಕ್ಕೆ ಎಂತ ಉಂಟು, ಓದಿ ಹೇಳಿ."

ನಾನು ಕೀಲಿಕೈಯನ್ನು ಮೇಜಿನ ಖಾನೆಗೆ ಹಾಕಿದೆ.

ಕೋಣೆಗೆ ಬೀಗ ಬಿತ್ತು. ವಿಚಿತ್ರವೆಂದರೆ ಆ ವರ್ಷದ ಲೆಕ್ಕಪುಸ್ತಕ ಮಾತ್ರ ನೋಡಿದರೆ ಪಂಚಾಯತಿಗೆ ಲಾಭವೇ. ನಲ್ವತ್ತಾರರ ಬದಲು ಎಪ್ಪತ್ತೆರಡು ಬಂದಿತ್ತು. ಆಡಿಟಿನವರು ಅದನ್ನು ಬರೆದೂ ಕೊಂಡರು. ಆದರೆ ಎರಡು ಲಕ್ಷ ಬರುತ್ತದೆಂದು ನಂಬಿ ಮಾಡಿದ ಖರ್ಚಿಗೆ ಅದು ಸಾಲಬೇಕಲ್ಲ. ದೀಪದವನಿಗೆ ಮೊದಲು ಕೊಡಬೇಕಾಯಿತು, ಅವನು ವಕೀಲರ ನೋಟೀಸು ಕಳಿಸುವವನು. ಮೇಲಿನ ಪಂಪಿನ ಆಳನ್ನು ತೆಗೆದರು. ಲಿಂಗಪ್ಪಣ್ಣ ನೋಟೀಸು ಕಳಿಸುವವರಲ್ಲವಾದ್ದರಿಂದ ಅವರ ಸಂಬಳ ನಾಲ್ಕು ತಿಂಗಳು ನಿಂತಿತು. ಎರಡೂ ಪಂಪು ಅವರೇ ಓಡಿಸಿದರು. ಸಿಟ್ಟು ಮಾಡಿಕೊಳ್ಳಲಿಲ್ಲ. ಕಚೇರಿಗೆ ಬಂದಾಗಲೆಲ್ಲ, ನನ್ನ ಸಂಬಳ ಏರಿಸಿದ್ದು ಪಂಚಾಯತಲ್ಲ ಚಂದ್ರಾವತಿ, ಜೋಯಿ ಕೂಗಿ ಏರಿಸಿದ್ದು, ಹಾಗೆ ಕೂಗಿದ್ದು ನಿಲ್ಲುದಿಲ್ಲ ಎಂದು ಹೇಳಿ ನನ್ನ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದರು.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗೆ ಇಳಿದವು. ಕಾಕ ಬಂದರು. ಬಿಳಿ ಅಂಗಿ, ಕಿಸೆಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೋಟಿನ ಕಟ್ಟು. ಉಳಿದ ಎಂಟು ತಿಂಗಳಿಗೆ ಕೋಣೆ ತನಗೆ ಕೊಡಿ, ವರ್ಷದ ಪೂರ್ತಿ ಐವತ್ತು ಸಾವಿರ ಕೊಡುತ್ತೇನೆ, ಇವತ್ತೇ ಎಂದರು. ಪಿಡಿಒ ಸಾರ್ ನನ್ನ ಕಡೆ ನೋಡಿದರು. ನಾನು ಫೈಲು ತೆಗೆದು ಒಂಬತ್ತನೆಯ ಷರತ್ತು ತೋರಿಸಿದೆ. ಆ ಸಾಲಿನ ಮೊತ್ತ ಎರಡು ಲಕ್ಷದ ಹದಿನೈದು. ಮರು ಏಲಂ ಅದರ ಕೆಳಗೆ ಇಳಿಯುವ ಹಾಗಿಲ್ಲ. ಬರುವ ಸಾಲಿಗೆ ಇನ್ನೂ ಹತ್ತು ಶೇಕಡ ಮೇಲೆ.

"ಇದನ್ನು ಯಾರು ಬರೆದದ್ದು?" ಎಂದು ಕಾಕ ಕೇಳಿದರು.

"ನಾನೇ ಕಾಕ."

"ಹಾಗಾದ್ರೆ ನೀನೇ ಅಳಿಸು."

ನಾನು ಬರೆಯಬಹುದಿತ್ತು, ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಸಭೆ ಅಳಿಸಬೇಕು, ಸಭೆಯ ನಿರ್ಣಯವನ್ನು ತಾಲೂಕಿನವರು ಒಪ್ಪಬೇಕು. ಮುಂದಿನ ಸಭೆಗೆ ವಿಷಯ ಇಟ್ಟೆವು. ಎರಡು ಲಕ್ಷದ ಕೋಣೆಯನ್ನು ಐವತ್ತಕ್ಕೆ ಕೊಡಲು ಕೈ ಎತ್ತುವವರು ಯಾರು? ಎಲ್ಲರಿಗೂ ಕಾಕನಿಗೆ ಕೊಡಬೇಕೆಂದೇ ಇತ್ತು, ಎಲ್ಲರ ಮನೆಯಲ್ಲೂ ಮೀನಿನ ಸಾರು ನಿಂತಿತ್ತು. ಆದರೆ ಕೈ ಎತ್ತಿದವನ ಹೆಸರು ಪುಸ್ತಕದಲ್ಲಿ ಬರುತ್ತದೆ, ನಾಳೆ ಚುನಾವಣೆಯಲ್ಲಿ ಅದು ಅವನ ಎದುರು ನಿಲ್ಲುತ್ತದೆ. ಎರಡು ಸಭೆ ಮುಂದೂಡಿದರು. ಮೂರನೆಯದರಲ್ಲಿ ಯಾರ ಹೆಸರೂ ಬಾರದ ಹಾಗೆ, 'ಸೂಕ್ತ ಮಾರ್ಗದರ್ಶನ ಕೋರಿ' ತಾಲೂಕಿಗೆ ಬರೆಯುವುದೆಂದು ಆಯಿತು. ಕಾಗದವನ್ನು ನಾನೇ ಹಿಡಿದುಕೊಂಡು ಹೋದೆ, ಎರಡು ಬಸ್ಸು ಬದಲಿಸಿ. ಒಂದೂವರೆ ತಿಂಗಳ ಮೇಲೆ ಉತ್ತರ ಬಂತು: ಮೊದಲು ಹಿಂದಿನ ಗುತ್ತಿಗೆದಾರನಿಂದ ಬಾಕಿ ವಸೂಲಿ ಮಾಡಿ ವರದಿ ಸಲ್ಲಿಸುವುದು, ತದನಂತರ ಷರತ್ತು ಸಡಿಲಿಕೆಯ ಬಗ್ಗೆ ಪರಿಶೀಲಿಸಲಾಗುವುದು. ಜೋಯಿ ಅಷ್ಟರಲ್ಲಿ ಕೋಳಿ ಅಂಗಡಿಯನ್ನೂ ಮುಚ್ಚಿ ಅಣ್ಣನ ತೋಟದಲ್ಲಿ ರಬ್ಬರು ಕೆತ್ತಲು ಹೋಗಿದ್ದ. ಅವನಿಂದ ವಸೂಲಿ ಮಾಡುವುದು ಎಂತದ್ದು. ನಾನು ಮತ್ತೊಮ್ಮೆ ಬರೆದೆ, ಇನ್ನೂ ಒಳ್ಳೆಯ ಕನ್ನಡದಲ್ಲಿ. ಅದೇ ಉತ್ತರ ಇನ್ನೊಂದು ದಿನಾಂಕ ಹಾಕಿ ಬಂತು.

ಈ ನಡುವೆ ಕಾಕ ಅಳಿಯನ ಹಳೆಯ ಸ್ಕೂಟರಿನ ಹಿಂದೆ ಥರ್ಮಾಕೋಲು ಪೆಟ್ಟಿಗೆ ಕಟ್ಟಿ, ಪೇಟೆಯಿಂದ ಸ್ವಲ್ಪ ಕೆಳಗೆ ರಸ್ತೆಯ ಬದಿಯಲ್ಲಿ ಮಾರತೊಡಗಿದರು. ಬಾಳೆಲೆಯ ಮೇಲೆ ಪಾಲು, ಇಪ್ಪತ್ತರದ್ದು, ಮೂವತ್ತರದ್ದು. ಮೂರು ವಾರ ಊರಿಗೆ ಜೀವ ಬಂತು. ಅಮ್ಮ ಸೇತುವೆಗೆ ನಡೆಯುವುದು ನಿಂತಿತು. ಆಮೇಲೆ ಯಾರೋ ಮೇಲಿನವರಿಗೆ ಫೋನಿನಲ್ಲಿ ಫೋಟೋ ಕಳಿಸಿದರು, ಪಂಚಾಯತಿನ ಕೋಣೆ ಮುಚ್ಚಿಸಿ ಅನಧಿಕೃತ ಮಾರಾಟಕ್ಕೆ ಬಿಟ್ಟಿದ್ದಾರೆಂದು. ಸೇತುವೆಯಾಚೆಯ ಕೋಣೆಯವನೇ ಇರಬೇಕೆಂದು ಎಲ್ಲರೂ ಹೇಳಿದರು. ಮೇಲಿನಿಂದ ಫೋನು ಬಂದ ದಿನ ನೋಟೀಸು ಟೈಪು ಮಾಡಿದ್ದು ನಾನು, ತೆಗೆದುಕೊಂಡು ಹೋದದ್ದೂ ನಾನು. ಬಿಲ್ ಕಲೆಕ್ಟರಿನ ಕೆಲಸ ಅದು.

ಪಾಲು ಹಾಕುತ್ತಿದ್ದ ಕೈ ಒರೆಸಿಕೊಂಡು ಕಾಕ ಕಾಗದ ತೆಗೆದುಕೊಂಡರು. ಓದು ಎನ್ನಲಿಲ್ಲ. ನಾನು ಇವತ್ತಿನದ್ದು ಮಾರಿ ಮುಗಿಸಿ ಕಾಕ ಎಂದೆ. ಬೇಡ, ನಿನಗೆ ಕಷ್ಟ ಬರ್ತದೆ ಎಂದು ಹೇಳಿ, ಅಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ಇದ್ದ ಮೀನನ್ನು ಹಂಚಿ, ಹಣ ತೆಗೆದುಕೊಳ್ಳದೆ, ಪೆಟ್ಟಿಗೆಯ ನೀರು ಚರಂಡಿಗೆ ಸುರಿದು ಸ್ಕೂಟರು ಹತ್ತಿದರು. ಒಂದು ಪಾಲು ನನಗೂ ಕೊಟ್ಟರು. ತೆಗೆದುಕೊಳ್ಳದಿದ್ದರೆ ಅವಮಾನ, ತೆಗೆದುಕೊಂಡರೆ ಲಂಚ. ತೆಗೆದುಕೊಂಡೆ. ಅಮ್ಮ ಅದನ್ನು ಸಾರು ಮಾಡಿದರು. ವಿಷಯ ಕೇಳಿದ ಮೇಲೆ ಅವರೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಅಪ್ಪ ಮಾತ್ರ, ಮೀನು ಎಂತ ತಪ್ಪು ಮಾಡಿತು ಎಂದು ಉಂಡು ಎದ್ದರು.

ಆ ಚಳಿಗಾಲದಲ್ಲಿ ಎರಡು ಸಲ ಮರು ಏಲಂ ಕರೆದೆವು. ನಿಯಮದ ಪ್ರಕಾರ ಕರೆಯಲೇಬೇಕು. ಯಾರೂ ಬರಲಿಲ್ಲ. ಕಾಕ ಮಾತ್ರ ಎರಡು ಸಲವೂ ಬಂದರು. ಇದೆಲ್ಲ ಎಲ್ಲಿಗೆ ಹೋಗುತ್ತದೆಂದು ನನಗೆ ಆಗಲೇ ಗೊತ್ತಿತ್ತು. ಏರುವುದಕ್ಕೆ ಮಾತ್ರ ಗೊತ್ತಿರುವ ಒಂದು ಏಣಿಯನ್ನು ನಾನು ಆ ಊರಿಗೆ ಕಟ್ಟಿಕೊಟ್ಟಿದ್ದೆ. ಕಾಲೇಜಿನಲ್ಲಿ ಕನಿಷ್ಠ ಬೆಲೆಯ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದವಳು ನಾನು. ಕೂಗುವವನೇ ಇಲ್ಲದಾಗ ಆ ಕನಿಷ್ಠ ಏನಾಗುತ್ತದೆಂದು ಆ ಉತ್ತರದಲ್ಲಿ ಇರಲಿಲ್ಲ, ನನಗೆ ಕೇಳಬೇಕೆಂದೂ ಹೊಳೆಯಲಿಲ್ಲ.

ಮಾರ್ಚ್ ಬಂತು. ಹೊಸ ಸಾಲಿನ ಏಲಂ. ಕನಿಷ್ಠ ಸವಾಲು ಎರಡು ಲಕ್ಷದ ಮೂವತ್ತಾರು ಸಾವಿರದ ಐನೂರು. ಈ ಸಲ ಶಾಮಿಯಾನ ಹಾಕಿಸಲಿಲ್ಲ. ವರಾಂಡದಲ್ಲಿ ಒಂದು ಮೇಜು, ಎರಡು ಬೆಂಚು. ಪಿಡಿಒ ಸಾರ್‌ಗೆ ಬೇರೆ ಮೀಟಿಂಗು, ನೀನೇ ನಡೆಸಿ ನಡಾವಳಿ ಬರೆದಿಡು, ಬಂದು ಸಹಿ ಹಾಕುತ್ತೇನೆ ಎಂದು ಹೋಗಿದ್ದರು. ಹತ್ತೂವರೆಗೆ ಕಾಕ ಬಂದು ಬೆಂಚಿನ ತುದಿಯಲ್ಲಿ ಕೂತರು. ಪಂಪಿನ ಮನೆಯಿಂದ ಲಿಂಗಪ್ಪಣ್ಣ ಬಂದು ಇನ್ನೊಂದು ತುದಿಯಲ್ಲಿ ಕೂತರು. ಬೇರೆ ಯಾರೂ ಇಲ್ಲ. ಹನ್ನೊಂದಕ್ಕೆ ಶುರು ಮಾಡಬೇಕೆಂದು ನೋಟೀಸಿನಲ್ಲಿ ಬರೆದಿದ್ದರಿಂದ ಹನ್ನೊಂದರವರೆಗೆ ಮೂವರೂ ಕಾದು ಕೂತೆವು.

ಹನ್ನೊಂದಕ್ಕೆ ನಾನು ಎದ್ದು ನಿಂತು ಹದಿನೇಳು ಷರತ್ತುಗಳನ್ನೂ ಗಟ್ಟಿಯಾಗಿ ಓದಿದೆ. ಕನಿಷ್ಠ ಮೊತ್ತ ಹೇಳಿ, ಯಾರಾದರೂ ಸವಾಲು ಕೂಗುವವರಿದ್ದೀರಾ ಎಂದು ಕೇಳಿದೆ.

"ಐವತ್ತೆರಡು" ಎಂದರು ಕಾಕ.

ಎರಡನೆಯ ಸಲ ಕೇಳಿದೆ. ಅವರು ಮತ್ತೆ ಐವತ್ತೆರಡು ಎಂದರು. ಮೂರನೆಯ ಸಲ ಕೇಳುವಾಗ ನ್ಯಾಯಕ್ಕೆ ನನ್ನ ಸ್ವರ ಏರಬೇಕಿತ್ತು, ಏರಲಿಲ್ಲ. ಅವರು ಐವತ್ತೈದು ಎಂದರು. ತಮ್ಮ ಮೇಲೆ ತಾವೇ ಏರಿಸಿದ್ದರು. ಕಿಸೆಯಿಂದ ಪ್ಲಾಸ್ಟಿಕ್ಕಿನ ಕಟ್ಟನ್ನು ಅರ್ಧ ತೆಗೆದು, ಮತ್ತೆ ಒಳಗೆ ಇಟ್ಟರು.

ನಾನು ಕೂತು ನಡಾವಳಿ ಬರೆದೆ. ನಾಲ್ಕೇ ಸಾಲು. ಅದಕ್ಕೆ ಹಾಜರಿದ್ದ ಇಬ್ಬರ ಸಾಕ್ಷಿ ಸಹಿ ಬೇಕು, ಅದೂ ನಾನು ಬರೆದ ಷರತ್ತೇ, ಹದಿನಾರನೆಯದು. ಲಿಂಗಪ್ಪಣ್ಣ ಓದದೆ ಸಹಿ ಹಾಕಿ, ಮೇಲಿನ ಟ್ಯಾಂಕು ತುಂಬಿರ್ತದೆ ಎಂದು ಎದ್ದು ಹೋದರು. ಪುಸ್ತಕವನ್ನು ಕಾಕನ ಕಡೆ ತಿರುಗಿಸಿದೆ. ಎಂತ ಬರೆದದ್ದು ಎಂದು ಕೇಳಿದರು. ಓದಿ ಹೇಳದೆ ಸಹಿ ಹಾಕಿಸುವವಳಲ್ಲ ನಾನು. ಓದಿದೆ: ನಿಗದಿತ ಸಮಯಕ್ಕೆ ಬಹಿರಂಗ ಏಲಂ ನಡೆಸಿ ಮೂರು ಬಾರಿ ಕೇಳಲಾಗಿ, ಸವಾಲು ಕೂಗಿದವರು ಯಾರೂ ಇರುವುದಿಲ್ಲ.

"ನಾನು ಕೂಗಿದೆ ಅಲ್ಲ ಮಗಳೇ."

"ಕನಿಷ್ಠಕ್ಕಿಂತ ಕಡಿಮೆ ಕೂಗಿದ್ದನ್ನು ಬರೆಯುವ ಹಾಗೆ ಇಲ್ಲ ಕಾಕ."

ಅವರು ಪೆನ್ನು ತೆಗೆದುಕೊಂಡರು. ಎಲ್ಲಿ ಹಾಕುದು ಎಂದು ಕೇಳಿದರು. ನಾನು ಲಿಂಗಪ್ಪಣ್ಣನ ಹೆಸರಿನ ಕೆಳಗೆ ಬೆರಳಿಟ್ಟು ತೋರಿಸಿದೆ. ಮೂರನೆಯ ತರಗತಿಯವರೆಗೆ ಕಲಿತ ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ, ಅವರು ತಮ್ಮ ಹೆಸರು ಬರೆದರು. ಪೆನ್ನಿಗೆ ಟೋಪಿ ಹಾಕಿ ನನ್ನ ಕೈಗೆ ಕೊಟ್ಟರು.